ಮಗಳ ಕೈಯಲ್ಲಿ ಫೋನು: ಓದೋ, ಕಾಲಹರಣವೋ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದಿಂದ ಸಾಲ ತೆಗೆದು ಮಗಳಿಗೆ ಫೋನ್ ಕೊಡಿಸಿದವರು ನಿಮ್ಮಲ್ಲಿ ಹಲವರಿದ್ದೀರಿ. ಈಗ "ಸಿಸ್ಟರ್, ಬಿ.ಎಸ್ಸಿ. ಓದೋ ಹುಡುಗಿ ಯಾವಾಗ್ಲೂ ಫೋನ್ ಹಿಡ್ಕೊಂಡೇ ಇರ್ತಾಳೆ, ಕಿತ್ತು ಇಟ್ಕೊಳ್ಳಲಾ?" ಎಂದು ಕೇಳುತ್ತೀರಿ. ಕಿತ್ತುಕೊಳ್ಳುವ ಮೊದಲು ಮಕ್ಕಳ ಮಾತನ್ನೂ ಕೇಳೋಣ.

ನಾವು ಮಾತನಾಡಿಸಿದ ವಿಜ್ಞಾನದ ವಿದ್ಯಾರ್ಥಿನಿಯರು ಹೇಳುವುದೇನೆಂದರೆ, ನೋಟ್ಸು, ಪ್ರಾಕ್ಟಿಕಲ್ ವೇಳಾಪಟ್ಟಿ, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ, ಎಲ್ಲವೂ ವಾಟ್ಸಪ್ ಗುಂಪಿಗೇ ಬರುತ್ತದೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಇಂಗ್ಲಿಷ್ ಪಾಠ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಮತ್ತೆ ಮತ್ತೆ ಕೇಳಲು ಸಂಕೋಚ. ವಿಡಿಯೋ ಆದರೆ ನಿಲ್ಲಿಸಿ, ಹತ್ತು ಸಲ ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐ.ಐ.ಟಿ.ಗಳು ಸೇರಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳು ಯೂಟ್ಯೂಬಿನಲ್ಲಿ ಉಚಿತವಾಗಿಯೇ ಸಿಗುತ್ತವೆ.

ತೊಂದರೆಯನ್ನೂ ಅವರೇ ಹೇಳುತ್ತಾರೆ. ಪಾಠ ನೋಡಲು ಕೂತರೆ ಪಕ್ಕದಲ್ಲೇ ರೀಲ್ಸ್ ಕರೆಯುತ್ತದೆ. ಗುಂಪಿನಲ್ಲಿ ಒಬ್ಬರು ಹಾಕಿದ ತಪ್ಪು ಉತ್ತರವನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ನಮಗೆಲ್ಲ ಗೊತ್ತು. ಹಾಗೆಯೇ ಬಣ್ಣ ಬದಲಾಗುವುದನ್ನು ನೋಡಿ ಆಮ್ಲದ ಪ್ರಮಾಣ ಅಳೆಯುವುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿಸುತ್ತಾರೆ. ವಿಡಿಯೋದಲ್ಲಿ ಬಣ್ಣ ಕಾಣುತ್ತದೆ. ಆದರೆ ಹನಿ ಹನಿಯಾಗಿ ಬಿಟ್ಟು, ಸರಿಯಾದ ಹನಿಗೆ ನಿಲ್ಲಿಸುವುದು ಕೈಗೇ ಬರಬೇಕು. ಆದ್ದರಿಂದ ಫೋನ್ ಇದೆ ಎಂದು ಕಾಲೇಜು ತಪ್ಪಿಸುವುದು ಬೇಡ.

ಇನ್ನೊಂದು ಮಾತು. 2020ರಲ್ಲಿ ಕೋವಿಡ್‌ನಿಂದ ಕಾಲೇಜು ಮುಚ್ಚಿದಾಗ, ಒಂದೇ ಫೋನ್ ಇದ್ದ ಎಷ್ಟೋ ಮನೆಗಳಲ್ಲಿ ಅದು ಮೊದಲು ಮಗನ ಕೈಗೆ ಹೋಯಿತು. ಮಗಳು ಕೆಲಸ ಮುಗಿಸಿ, ರಾತ್ರಿ ಪಾಠ ನೋಡಿದಳು. ಈಗಲೂ ಮಗ ಫೋನ್ ನೋಡಿದರೆ ಸುಮ್ಮನಿರುತ್ತೇವೆ, ಮಗಳು ನೋಡಿದರೆ ಅನುಮಾನ. ಗುರುತಿಲ್ಲದವರು ಕೆಟ್ಟ ಮೆಸೇಜ್ ಕಳಿಸಿದರೂ "ಅಮ್ಮನಿಗೆ ಹೇಳಿದ್ರೆ ಫೋನ್ ಕಿತ್ಕೊಳ್ತಾಳೆ, ಕಾಲೇಜೂ ಬಿಡಿಸ್ತಾರೆ" ಎಂದು ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅಪಾಯ ಇರುವುದು ಅಲ್ಲಿ.

ಹಾಗಾಗಿ ಮನೆಯಲ್ಲಿ ಕೂತು ಮಾತಾಡಿ. ಊಟದ ಹೊತ್ತು, ಮಲಗುವ ಹೊತ್ತು ಫೋನ್ ಬೇಡ ಎಂಬ ನಿಯಮ ಮಗನಿಗೂ ಮಗಳಿಗೂ ಒಂದೇ ಇರಲಿ. ಗುಂಪಿನಲ್ಲಿ ಬಂದ ಉತ್ತರವನ್ನು ಪುಸ್ತಕದಲ್ಲಿ ನೋಡಿ, ಟೀಚರನ್ನು ಕೇಳಿ ಖಚಿತ ಮಾಡಿಕೊಳ್ಳಲು ಹೇಳಿ. "ಏನೇ ಆದ್ರೂ ನನಗೆ ಹೇಳು, ಫೋನ್ ಕಿತ್ಕೊಳ್ಳಲ್ಲ" ಎಂದು ಮಾತು ಕೊಡಿ. ಇವತ್ತು ರಾತ್ರಿಯೇ ಪಕ್ಕದಲ್ಲಿ ಕೂತು "ಏನ್ ಕಲಿತೆ, ನನಗೂ ತೋರಿಸು" ಎನ್ನಿ. ಅವಳು ತೋರಿಸಿದ್ದನ್ನು ಮುಂದಿನ ಸಭೆಯಲ್ಲಿ ನಮಗೂ ಹೇಳಿ.