ಸಿನಿಮಾ ಓದಿದವರ ಪಾಲಿನ ಕೆಲಸ



ಸಿನಿಮಾ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಪಡೆದು ಊರಿಗೆ ಹೋದಾಗ ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ: ಸಿನಿಮಾ ನೋಡೋದಕ್ಕೂ ಎರಡು ವರ್ಷ ಓದಬೇಕಾ? ಕೇಳಿದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಚಿತ್ರ ನೋಡಿ ಅಳುವುದಕ್ಕೆ, ನಗುವುದಕ್ಕೆ ಪದವಿ ಬೇಕಿಲ್ಲ ಎಂಬುದು ನಿಜವೇ. ಆದರೆ ಪರದೆಯ ಮೇಲೆ ಆ ಬೆಳಕು ಹಾಗೇ ಏಕೆ ಬಿತ್ತು, ಅದನ್ನು ಅಲ್ಲಿಗೆ ತಂದವರು ಯಾರು, ಆ ಚಿತ್ರದ ರೀಲು ಈಗ ಎಲ್ಲಿದೆ ಎಂದು ಕೇಳುವವರು ನಮ್ಮಲ್ಲಿ ತೀರ ಕಡಿಮೆ. ಹಾಗೆ ಕೇಳುವವರಾಗಲಿ ಎಂದೇ ವಿಶ್ವವಿದ್ಯಾಲಯ ನಿಮ್ಮನ್ನು ಓದಿಸಿದೆ.

ಮೊದಲು ಬೆಳಕಿನ ಮಾತು. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿಗೆ, ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ನೆಲದವರೆಗೆ ಇಳಿಯುವ ಒಂದೇ ಒಂದು ಬೆಳಕಿನ ಕೋಲು ಬೇಕಿತ್ತು. ದೀಪದ ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ಸೂರ್ಯನ ಕಿರಣಗಳು ಹಾಗಲ್ಲ, ಸಮಾನಾಂತರವಾಗಿಯೇ ಬರುತ್ತವೆ. ಮೂರ್ತಿಯವರು ಹೊರಗಿನ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಹಿಡಿಸಿದರು, ಒಳಗೆ ಎತ್ತರದಲ್ಲಿ ಇನ್ನೊಂದನ್ನು ಇರಿಸಿದರು. ಬಿಸಿಲು ಎರಡು ಕನ್ನಡಿಗಳನ್ನು ದಾಟಿ ಸೆಟ್ಟಿನೊಳಗೆ ಇಳಿಯಿತು. ಅರುವತ್ತು ವರ್ಷಗಳಾದ ಮೇಲೂ ಛಾಯಾಗ್ರಹಣದ ತರಗತಿಗಳಲ್ಲಿ ಆ ಬೆಳಕಿನದೇ ಮಾತು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದದ್ದೂ ಅವರಿಗೇ. ನಿರ್ದೇಶಕ ಗೋವಿಂದ ನಿಹಲಾನಿ ಓದಿದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ.

ಕ್ಯಾಮೆರಾ ಹಿಡಿಯುವುದನ್ನು ನಾವು ಸ್ವಾತಂತ್ರ್ಯಕ್ಕೆ ಮೊದಲೇ ಕಲಿಸತೊಡಗಿದ್ದೆವು. ತೆಗೆದ ಚಿತ್ರವನ್ನು ವಿಶ್ವವಿದ್ಯಾಲಯದಲ್ಲಿ ಕೂತು ಓದಬೇಕು ಎನ್ನಿಸಲು ತುಂಬ ಕಾಲ ಹಿಡಿಯಿತು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ ಸಿನಿಮಾ ಅಧ್ಯಯನ ವಿಭಾಗ ತೆರೆದದ್ದು 1993ರಲ್ಲಿ. ಅದಕ್ಕೂ ಎಷ್ಟೋ ಮೊದಲು, ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ, ಈ ಕೆಲಸ ಹೆಗ್ಗೋಡಿನಲ್ಲಿ ನಡೆದಿತ್ತು ಎಂಬುದನ್ನು ನಾನು ಅಭಿಮಾನದಿಂದ ಹೇಳುತ್ತೇನೆ. ಅಲ್ಲಿನ ರಂಗಕರ್ಮಿ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ನಡುವಿನ ಆ ಹಳ್ಳಿಗೆ ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ತರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಪಾಠ ಹೇಳಿದರು. ಜಗತ್ತಿನ ಸಿನಿಮಾದ ಬಗ್ಗೆ ಸುಬ್ಬಣ್ಣ ಕನ್ನಡದಲ್ಲಿ ಬರೆದರು, ಬರೆಸಿದರು. ಹಳ್ಳಿಯ ಜನಕ್ಕೆ ಇದೆಲ್ಲ ಅರ್ಥವಾದೀತೇ ಎಂಬ ಅನುಮಾನವನ್ನು ಅವರು ಹತ್ತಿರ ಸುಳಿಯಗೊಡಲಿಲ್ಲ. ನೀವೂ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೆ ಬೇರೆ ಸಂಶೋಧಕರು ಓದಿಯಾರು; ಕನ್ನಡದಲ್ಲಿ ಬರೆದರೆ ಆ ಚಿತ್ರಗಳನ್ನು ನೋಡಿ ಬೆಳೆದವರು ಓದುತ್ತಾರೆ.

ಇನ್ನು ರೀಲಿನ ಮಾತು. 1934ರ ಮಾರ್ಚ್ 3ರಂದು ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡಿತು. ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ಅದು. ನಿರ್ದೇಶನ ವೈ.ವಿ. ರಾವ್ ಅವರದು, ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳವು, ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಮಾರ್ಚ್ 3 ಬಂತೆಂದರೆ ಅದನ್ನು ನೆನೆಯುತ್ತೇವೆ, ಭಾಷಣ ಮಾಡುತ್ತೇವೆ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮೊದಲ ಸಲ ಪರದೆಯ ಮೇಲೆ ಕನ್ನಡ ಮಾತಾಡಿದಾಗ ಆ ದನಿ ಹೇಗೆ ಕೇಳಿಸಿತೆಂದು ನಮ್ಮಲ್ಲಿ ಯಾರೂ ಇನ್ನು ತಿಳಿಯಲಾರರು. ಆ ಕಾಲದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು. ಎಷ್ಟೋ ರೀಲುಗಳನ್ನು ಅವುಗಳೊಳಗಿನ ಬೆಳ್ಳಿಗಾಗಿ ಕರಗಿಸಲಾಯಿತು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಸೆಕೆಗೆ ಕೊಳೆಯುತ್ತದೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ತಣ್ಣಗಿನ, ತೇವವಿಲ್ಲದ ಕೋಣೆಯಲ್ಲಿ ಇಟ್ಟಿದ್ದರೆ ಬಹಳ ಕಾಲ ಉಳಿಯುವ ವಸ್ತು ಅದು.

ಉಳಿಸಿದರೆ ಏನಾಗುತ್ತದೆ ಎಂಬುದೂ ಈಚೆಗೆ ಕಣ್ಣಿಗೆ ಬಿದ್ದಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ, ಸ್ವರ್ಣಕಮಲ ಪಡೆದದ್ದು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಇದ್ದದ್ದರಿಂದಲೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಮಾರ್ಟಿನ್ ಸ್ಕಾರ್ಸೆಸೆ ಅವರ ಸಂಸ್ಥೆಯ ಜೊತೆ ಸೇರಿ ಅದಕ್ಕೆ ಮತ್ತೆ ಜೀವ ತುಂಬಲು ಸಾಧ್ಯವಾಯಿತು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಜೀವಂತ ಹೆಣ್ಣಿಗೆ ಶ್ರಾದ್ಧ ಮಾಡಿ ಹೊರಹಾಕುವ ಕ್ರೌರ್ಯವನ್ನು ಪುಟ್ಟ ನಾಣಿಯ ಕಣ್ಣಿಂದ ತೋರಿಸುವ ಆ ಚಿತ್ರವನ್ನು ಇಂದಿನವರು ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ ಎಲ್ಲ ಛಾಯೆಗಳ ಸಮೇತ ನೋಡಬಹುದು. ಆ ಹೆಣ್ಣು ಯಮುನಾಳ ಕತೆಯನ್ನು ಯು.ಆರ್. ಅನಂತಮೂರ್ತಿಯವರ ಮೂಲ ಬರಹದಲ್ಲಿ ಓದಬಹುದು, ಸರಿ. ಆದರೆ ಏನಾಗುತ್ತಿದೆಯೆಂದು ಪೂರ್ತಿ ತಿಳಿಯದೆ ನೋಡುತ್ತಲೇ ಇರುವ ಆ ಹುಡುಗನ ಮುಖ ಫಿಲ್ಮಿನಲ್ಲಲ್ಲದೆ ಬೇರೆಲ್ಲೂ ಇಲ್ಲ.

ಚಿತ್ರಗಳು ಈಗ ಮೊಬೈಲಿನಲ್ಲೇ ಸಿಗುತ್ತವಲ್ಲ ಎನ್ನಬಹುದು. ಮೊಬೈಲ್ ಪರದೆಯ ಬಗ್ಗೆ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಂದೇ ಮಾತು ಹೇಳುತ್ತೇನೆ: ಆನ್‌ಲೈನಿನಲ್ಲಿ ಇದೆಯೆಂದರೆ ಉಳಿದಿದೆ ಎಂದಲ್ಲ. ಒಪ್ಪಂದ ಮುಗಿದ ದಿನ ಓಟಿಟಿಯಿಂದ ಚಿತ್ರ ಮಾಯವಾಗುತ್ತದೆ.

ನಿಮ್ಮಲ್ಲಿ ಕೆಲವರು ನಿರ್ದೇಶಕರಾಗುತ್ತೀರಿ, ಕೆಲವರು ಪಾಠ ಹೇಳುತ್ತೀರಿ, ಕೆಲವರು ಸಂಬಂಧವೇ ಇಲ್ಲದ ನೌಕರಿ ಹಿಡಿಯುತ್ತೀರಿ. ಯಾರು ಏನೇ ಆದರೂ ನಿಮ್ಮೆಲ್ಲರಲ್ಲೂ ನನ್ನದೊಂದು ಬೇಡಿಕೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಮುಚ್ಚಿದ ಟಾಕೀಸು ಒಂದಾದರೂ ಇದ್ದೇ ಇರುತ್ತದೆ. ಟೆಂಟ್ ಸಿನಿಮಾದಲ್ಲಿ ದುಡಿದವರು, ಕಾರ್ಬನ್ ಕಡ್ಡಿ ಉರಿಸಿ ಪ್ರೊಜೆಕ್ಟರ್ ಓಡಿಸಿದವರು ಇನ್ನೂ ಇದ್ದಾರೆ. ಆಟ ಶುರುವಾಗುವ ಮುನ್ನ ಘಂಟಸಾಲ ಅವರ ವೆಂಕಟೇಶನ ಹಾಡು ಹಾಕುತ್ತಿದ್ದುದು ಅವರಿಗೆ ನೆನಪಿದೆ. ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಅಟ್ಟದ ಮೇಲಿನ ಹಾಡಿನ ಪುಸ್ತಕ, ಕರಪತ್ರ, ಪೋಸ್ಟರ್ ರದ್ದಿಗೆ ಹೋಗದಂತೆ ನೋಡಿಕೊಳ್ಳಿ. ಎಲ್ಲಾದರೂ ರೀಲಿನ ಡಬ್ಬಿ ಕಂಡರೆ ನೀವೇ ಬಿಚ್ಚಲು ಹೋಗಬೇಡಿ, ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಆ ಆಪರೇಟರುಗಳಿಗೆ ವಯಸ್ಸಾಗಿದೆ.