ಕಾವಲುಗಾರನೇ ಬಲೆ ಬೀಸಿದರೆ

(ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ, ವೈದ್ಯಳಲ್ಲ. ಆದರೂ ಇಂದು ರಕ್ತದ ಒಂದು ಕಾಯಿಲೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ಒಂದು ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: "ಆಕೀಗೆ ಹೊಟ್ಟಿ ನಿಲ್ಲೂದಿಲ್ಲ." ಉರ್ದು ಮಾತಿನ ಮನೆಗಳಲ್ಲಿ "ಹಮಲ್ ನಹೀಂ ಠಹರ್ತಾ" ಎನ್ನುತ್ತಾರೆ. ಭಾಷೆ ಎರಡು, ತೀರ್ಪು ಮಾತ್ರ ಒಂದೇ. ತಪ್ಪೆಲ್ಲಾ ಸೊಸೆಯದು! ಮೂರು ಸಲ ಗರ್ಭ ಹೋದ ಮೇಲೆ ಕೆಲವು ಮನೆಗಳಲ್ಲಿ ಎರಡನೇ ಮದುವೆಯ ಮಾತು ಶುರುವಾಗುತ್ತದೆ. ರಕ್ತ ಪರೀಕ್ಷೆಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಗರ್ಭಪಾತಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಪರೀಕ್ಷೆಯಿಂದ ಕಂಡುಹಿಡಿಯಬಹುದು, ಔಷಧದಿಂದ ನಿಭಾಯಿಸಲೂಬಹುದು. ಅದರ ಹೆಸರು ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಚಿಕ್ಕದಾಗಿ ಎಪಿಎಸ್. 1983ರಲ್ಲಿ ಲಂಡನ್ನಿನ ಡಾ. ಗ್ರಹಾಂ ಹ್ಯೂಸ್ ಇದನ್ನು ವಿವರವಾಗಿ ವರ್ಣಿಸಿದರು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ಈ ಕಾಯಿಲೆಯಲ್ಲಿ ನಮ್ಮದೇ ದೇಹದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಅದರಿಂದ ರಕ್ತ ಬೇಡವಾದ ಕಡೆ ಹೆಪ್ಪುಗಟ್ಟುತ್ತದೆ. ಕಾಲಿನಲ್ಲಿ ಹೆಪ್ಪುಗಟ್ಟಿದರೆ ಬಾವು, ಮಿದುಳಿನಲ್ಲಾದರೆ ಲಕ್ವ. ಗರ್ಭದಲ್ಲಾದರೆ ಮಾಸಿಗೆ ಪೆಟ್ಟು ಬಿದ್ದು ಮಗು ಉಳಿಯುವುದಿಲ್ಲ.

ಒಂದು ವಿಚಿತ್ರ ನೋಡಿ. ಇದರ ಒಂದು ಪ್ರತಿಕಾಯಕ್ಕೆ 'ಲೂಪಸ್ ಆ್ಯಂಟಿಕೋಆಗ್ಯುಲಂಟ್' ಎಂದು ಹೆಸರು. ಅಂದರೆ ಹೆಪ್ಪುಗಟ್ಟದಂತೆ ತಡೆಯುವುದು! ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅದು ನಿಜವಾಗಿಯೂ ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ. ದೇಹದೊಳಗೆ ಮಾಡುವುದು ಮಾತ್ರ ಅದಕ್ಕೆ ತದ್ವಿರುದ್ಧ. ಹೀಗೇಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದ ವಿಜ್ಞಾನಿಗಳು ಬಿಳಿ ರಕ್ತಕಣಗಳ ಬಳಿಗೆ ಬಂದರು.

ನಮ್ಮ ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳು. ಇವು ದೇಹದ ಕಾವಲುಗಾರರು. 2004ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಒಂದು ಬೆರಗಿನ ಸಂಗತಿ ಕಂಡರು. ನ್ಯೂಟ್ರೋಫಿಲ್ ತನ್ನೊಳಗಿನ ಡಿಎನ್‌ಎಯನ್ನೇ ಹೊರಗೆಸೆದು, ಮಲಪ್ರಭೆಯಲ್ಲಿ ಮೀನುಗಾರ ಬಲೆ ಬೀಸಿದಂತೆ, ರೋಗಾಣುಗಳನ್ನು ಹಿಡಿಯುತ್ತದೆ. ಎಪಿಎಸ್‌ನಲ್ಲಿ ರೋಗಾಣು ಇಲ್ಲದಿದ್ದರೂ ರಕ್ತನಾಳದೊಳಗೆ ಈ ಬಲೆ ಬೀಳುತ್ತದೆ. ಅದರಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪು ಬೆಳೆಯುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜೇಸನ್ ನೈಟ್ ಅವರ ತಂಡ 2015ರಿಂದೀಚೆಗೆ ಇದನ್ನು ಒಂದೊಂದಾಗಿ ತೋರಿಸುತ್ತಾ ಬಂದಿದೆ.

ಬಲೆ ಬೀಸಲು ಶಕ್ತಿ ಬೇಕಲ್ಲವೇ? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನವಿಡಿ. ಜೀವಕೋಶಕ್ಕೆ ಎರಡು ಒಲೆಗಳಿವೆ. ಒಂದು ಜೋಳದ ದಂಟಿನ ಬೆಂಕಿಯಂತೆ. ಬೇಗ ಹತ್ತುತ್ತದೆ, ಆದರೆ ಒಂದು ಗ್ಲೂಕೋಸ್ ಕಣದಿಂದ ಉಳಿಯುವುದು ಬರೀ 2 ಎಟಿಪಿ. ಇನ್ನೊಂದು ಕುಳ್ಳಿನ ಬೆಂಕಿಯಂತೆ ನಿಧಾನ. ಮೈಟೋಕಾಂಡ್ರಿಯಾದಲ್ಲಿ ಉರಿಯುವ ಇದು ಸುಮಾರು 30 ಎಟಿಪಿ ಕೊಡುತ್ತದೆ. ನ್ಯೂಟ್ರೋಫಿಲ್ ಹೆಚ್ಚಾಗಿ ನೆಚ್ಚಿಕೊಂಡಿರುವುದು ಮೊದಲನೆಯ ಒಲೆಯನ್ನು. ಹಾಗಾದರೆ ಕಾವಲುಗಾರನನ್ನು ಕೊಲ್ಲದೆ, ಅವನ ಒಲೆಯ ಉರಿ ತಗ್ಗಿಸಿ ಸಮಾಧಾನಪಡಿಸಬಹುದೇ? ಇದೇ ಇಂದಿನ ಸಂಶೋಧನೆಯ ಪ್ರಶ್ನೆ.

ಉತ್ತರಗಳು ಒಂದೊಂದಾಗಿ ಬರುತ್ತಿವೆ. 2014ರಲ್ಲಿ ಪ್ಯಾರಿಸ್ಸಿನ ವೈದ್ಯರು ಜೀವಕೋಶದ ಪೋಷಣೆ, ಬೆಳವಣಿಗೆಗಳನ್ನು ನಿಯಂತ್ರಿಸುವ 'ಎಂಟಾರ್' ಎಂಬ ಕೀಲಿಯು ಎಪಿಎಸ್ ರೋಗಿಗಳ ಮೂತ್ರಪಿಂಡದ ರಕ್ತನಾಳಗಳಲ್ಲಿ ತೆರೆದುಕೊಂಡಿರುವುದನ್ನು ಕಂಡರು. ಮೂತ್ರಪಿಂಡ ಕಸಿಯಾದ ರೋಗಿಗಳಲ್ಲಿ ಆ ಕೀಲಿಯನ್ನು ತಡೆಯುವ ಸಿರೋಲಿಮಸ್ ಪಡೆದ 10 ಜನರ ಪೈಕಿ 7 ಜನರ ಕಸಿ 12 ವರ್ಷಗಳ ನಂತರವೂ ಕೆಲಸ ಮಾಡುತ್ತಿತ್ತು. ಅದನ್ನು ಪಡೆಯದ 27 ಜನರಲ್ಲಿ ಮೂವರದು ಮಾತ್ರ. 2019ರಲ್ಲಿ ಮಿಷಿಗನ್ ತಂಡ ಇನ್ನೊಂದು ದಾರಿ ತೋರಿಸಿತು. ಎಟಿಪಿ ಒಡೆದಾಗ ಉಳಿಯುವ ಅಡಿನೋಸಿನ್ ನ್ಯೂಟ್ರೋಫಿಲ್‌ಗೆ "ಸಾಕು, ನಿಲ್ಲಿಸು" ಎಂದು ಹೇಳಬಲ್ಲದು. ಅಡಿನೋಸಿನ್ ಹೆಚ್ಚಿಸುವ ಹಳೆಯ ಮಾತ್ರೆ ಡೈಪಿರಿಡಮೋಲ್ ಇಲಿಗಳಲ್ಲಿ ಹೆಪ್ಪನ್ನು ಕಡಿಮೆ ಮಾಡಿತು. 2023ರಲ್ಲಿ ಆರೋಗ್ಯವಂತರಿಗೆ ಒಂದು ವಾರ ಶುಂಠಿಯ ಸಾರ ಕೊಟ್ಟಾಗಲೂ ನ್ಯೂಟ್ರೋಫಿಲ್‌ಗಳು ಅಷ್ಟು ಸುಲಭವಾಗಿ ಬಲೆ ಬೀಸಲಿಲ್ಲ. ಆದರೆ ತಾಯಂದಿರೇ, ಶುಂಠಿ ಕಷಾಯ ಕುಡಿದು ಮಾತ್ರೆ ಬಿಡಬೇಡಿ! ಇವೆಲ್ಲ ಇನ್ನೂ ಸಂಶೋಧನೆಯ ಹಂತದಲ್ಲಿವೆ.

ಹಾಗಾದರೆ ಸಿದ್ಧವಾಗಿರುವ ಚಿಕಿತ್ಸೆ ಯಾವುದು? 1997ರಲ್ಲಿ ಲಂಡನ್ನಿನಲ್ಲಿ ಇಂಥ 90 ಗರ್ಭಿಣಿಯರ ಮೇಲೆ ಅಧ್ಯಯನ ನಡೆಯಿತು. ಆಸ್ಪಿರಿನ್ ಮಾತ್ರ ಪಡೆದವರಲ್ಲಿ 100ಕ್ಕೆ 42 ಜನರಿಗೆ ಜೀವಂತ ಮಗು ಹುಟ್ಟಿತು. ಆಸ್ಪಿರಿನ್ ಜೊತೆಗೆ ಹೆಪಾರಿನ್ ಚುಚ್ಚುಮದ್ದು ಪಡೆದವರಲ್ಲಿ 71 ಜನರಿಗೆ. ಇಂದಿಗೂ ಎಪಿಎಸ್ ಇರುವ ಗರ್ಭಿಣಿಗೆ ಈ ಜೋಡಿಯೇ ಮುಖ್ಯ ಆಧಾರ.

ಇದೆಲ್ಲ ಪರದೇಶದ ಮಾತು ಎಂದುಕೊಳ್ಳಬೇಡಿ. ಚೊಚ್ಚಲ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ತಡೆಯಲು ಕಡಿಮೆ ಪ್ರಮಾಣದ ಆಸ್ಪಿರಿನ್ ನೆರವಾಗುವುದೇ ಎಂದು ಆರು ದೇಶಗಳಲ್ಲಿ ಪ್ರಯೋಗ ನಡೆಯಿತು. ಒಟ್ಟು 11,976 ಮಹಿಳೆಯರು ಭಾಗವಹಿಸಿದ್ದರು. ಆ ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯೂ ಒಂದು. 2020ರಲ್ಲಿ ಫಲಿತಾಂಶ ಬಂತು. ಅವಧಿಪೂರ್ವ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿದಿತ್ತು. ಅದು ಎಪಿಎಸ್ ಕುರಿತ ಪ್ರಯೋಗವಲ್ಲ, ನಿಜ. ಆದರೆ ಬೆಳಗಾವಿಯ ತಾಯಂದಿರು ಕೊಟ್ಟ ಸಹಕಾರ ಜಗತ್ತಿನ ವೈದ್ಯಶಾಸ್ತ್ರಕ್ಕೆ ಸೇರಿದೆ ಎಂಬುದು ನಮಗೆಲ್ಲ ಹೆಮ್ಮೆಯ ವಿಷಯ.

ಈಗ ನೀವು ಮನೆಗೆ ಒಯ್ಯಬೇಕಾದ ಮಾತು. ಮೂರು ಸಲ ಗರ್ಭಪಾತವಾಗಿದ್ದರೆ, ಮೂರನೇ ತಿಂಗಳ ನಂತರ ಕಾರಣ ತಿಳಿಯದೆ ಮಗು ಹೊಟ್ಟೆಯಲ್ಲೇ ಹೋಗಿದ್ದರೆ, ಚಿಕ್ಕ ವಯಸ್ಸಿನವರಿಗೆ ಲಕ್ವ ಹೊಡೆದಿದ್ದರೆ ಅಥವಾ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, "ಎಪಿಎಸ್ ಪರೀಕ್ಷೆ ಬೇಕೇ?" ಎಂದು ವೈದ್ಯರನ್ನು ಕೇಳಿ. ಪರೀಕ್ಷೆ ಮೂರು ಬಗೆಯದು. ದೋಷ ಕಂಡರೆ ಕನಿಷ್ಠ 12 ವಾರಗಳ ನಂತರ ಮತ್ತೊಮ್ಮೆ ಮಾಡಿಸಲೇಬೇಕು, ಏಕೆಂದರೆ ಬೇರೆ ಸೋಂಕಿನಿಂದಲೂ ಈ ಪ್ರತಿಕಾಯಗಳು ತಾತ್ಕಾಲಿಕವಾಗಿ ಕಾಣಿಸಿಕೊಳ್ಳುತ್ತವೆ. ತಾಯಿ ಕಾರ್ಡು, ಹಳೆಯ ಸ್ಕ್ಯಾನಿಂಗ್ ಚೀಟಿಗಳನ್ನು ಎಸೆಯಬೇಡಿ. ಹೆಪ್ಪು ತಡೆಯಲು ವಾರ್ಫರಿನ್ ನುಂಗುತ್ತಿರುವವರು ಗರ್ಭ ಧರಿಸುವ ಮೊದಲೇ ವೈದ್ಯರಿಗೆ ತಿಳಿಸಿ. ಅದು ಮಗುವಿಗೆ ಹಾನಿ ಮಾಡಬಲ್ಲದು. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗಬೇಡಿ, ಬಿಡಲೂಬೇಡಿ.

ದುಆ ಮಾಡಿ, ಬೇಡವೆನ್ನುವವರು ಯಾರು? ಜೊತೆಗೆ ಬಸ್ಸು ಹತ್ತಿ ಬೆಳಗಾವಿಗೋ ಹುಬ್ಬಳ್ಳಿಗೋ ದೊಡ್ಡ ಆಸ್ಪತ್ರೆಗೂ ಕರೆದೊಯ್ಯಿರಿ. ಅತ್ತೆಯಂದಿರು ಸೊಸೆಯ ಜೊತೆ ಹೋದರಂತೂ ಅರ್ಧ ರೋಗ ವಾಸಿಯಾದಂತೆ. ವಿದ್ಯಾರ್ಥಿನಿಯರೇ, ಜೀವಶಾಸ್ತ್ರದ ಪುಸ್ತಕದ ಗ್ಲೂಕೋಸ್ ಪಾಠವನ್ನು ಅಂಕಗಳಿಗಾಗಿ ಮಾತ್ರ ಓದಬೇಡಿ. ನಿಮ್ಮ ಓಣಿಯ ಒಬ್ಬ ಅಕ್ಕನ ಕಣ್ಣೀರಿಗೆ ಉತ್ತರ ಆ ಪಾಠದಲ್ಲೂ ಇರಬಹುದು.