ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಸಂಸ್ಥೆಯು ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಪಾದ್ರಿಗಳನ್ನು 1834ರಲ್ಲಿ ಮಂಗಳೂರಿಗೆ ಕಳುಹಿಸಿದಾಗ, ಆ ಊರಿನ ಜನರ ಕೈಗೆ ಅವರದೇ ಭಾಷೆಯಲ್ಲಿ ಕೊಡಬಹುದಾದ ಅಚ್ಚಿನ ಪುಸ್ತಕಗಳು ತೀರ ವಿರಳವಾಗಿದ್ದವು. ಬಂಗಾಳದ ಸೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಷ್ಟು ಹಿಂದೆಯೇ ಅಚ್ಚಾಗಿತ್ತು, ಬಳ್ಳಾರಿಯ ಲಂಡನ್ ಮಿಷನ್ನಿನವರು ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದರು. ಆದರೆ ಕರಾವಳಿಯ ಮನೆಮಾತಾದ ತುಳುವಿನಲ್ಲಿ ಅಚ್ಚಿನ ಸಾಹಿತ್ಯವೇ ಇರಲಿಲ್ಲ. ಧರ್ಮಪ್ರಸಾರಕ್ಕೆ ಬೋಧನೆಯಷ್ಟೇ ಓದೂ ಮುಖ್ಯವೆಂದು ನಂಬಿದ್ದ ಮಿಷನ್ನಿಗೆ ಸ್ವಂತ ಅಚ್ಚುಕೂಟ, ಅಂದರೆ ಮುದ್ರಣಾಲಯ, ಅನಿವಾರ್ಯವಾಯಿತು.

ಮಿಷನ್ನಿನ ಪಾದ್ರಿ ಗಾಟ್‌ಫ್ರೀಡ್ ವೈಗ್ಲೆ 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನು ತಂದುದರಿಂದ ಈ ಅಚ್ಚುಕೂಟದ ಇತಿಹಾಸ ಆರಂಭವಾಗುತ್ತದೆ. ಕಲ್ಲಚ್ಚಿನಲ್ಲಿ ಲಿಪಿಕಾರನು ಜಿಡ್ಡಿನ ಮಸಿಯಿಂದ ಕಾಗದದ ಮೇಲೆ ಬರೆದ ಪುಟವನ್ನು ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಒತ್ತುತ್ತಾರೆ. ಬಳಿಕ ಕಲ್ಲನ್ನು ನೀರಿನಿಂದ ತೇವಗೊಳಿಸಿ ಮಸಿ ಉರುಳಿಸಿದರೆ, ತೇವವಿರುವ ಭಾಗವು ಮಸಿಯನ್ನು ಹಿಡಿಯದೆ ಜಿಡ್ಡಿನ ಅಕ್ಷರಗಳು ಮಾತ್ರ ಅದನ್ನು ಹಿಡಿದುಕೊಂಡು, ಮೇಲಿಟ್ಟ ಕಾಗದಕ್ಕೆ ಬರೆಹವು ಬರೆದಂತೆಯೇ ಇಳಿಯುತ್ತದೆ. ಒತ್ತಕ್ಷರಗಳೂ ಗುಣಿತಾಕ್ಷರಗಳೂ ತುಂಬಿದ ಕನ್ನಡ ಲಿಪಿಗೆ ನೂರಾರು ಬಗೆಯ ಸೀಸದ ಮೊಳೆಗಳನ್ನು ಎರಕಹೊಯ್ಯಬೇಕಾದ ಶ್ರಮವನ್ನು ಈ ವಿಧಾನವು ತಪ್ಪಿಸುತ್ತಿದ್ದುದರಿಂದ, ಕೈಯಲ್ಲಿ ಹಣ ಹೆಚ್ಚಿಲ್ಲದ ಸಣ್ಣ ಅಚ್ಚುಕೂಟಕ್ಕೆ ಅದು ಹೇಳಿ ಮಾಡಿಸಿದಂತಿತ್ತು. 1842ರಲ್ಲಿ ಮತ್ತಾಯನ ಸುವಾರ್ತೆಯು ಕನ್ನಡ ಲಿಪಿಯ ತುಳುವಿನಲ್ಲಿ ಹೀಗೆಯೇ ಅಚ್ಚಾಯಿತು. ಇದೇ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ' ಎಂಬ ಪಾಕ್ಷಿಕವು ಕನ್ನಡದ ಮೊದಲ ಪತ್ರಿಕೆಯಾಯಿತು. ಮರುವರ್ಷ ಅದು ಅಚ್ಚುಮೊಳೆಯ ಸೌಕರ್ಯವಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರು ಪಡೆಯಿತು. ಕರ್ನಾಟಕವು ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಈ ಕಲ್ಲಚ್ಚಿನ ಹಾಳೆಯ ನೆನಪಿಗಾಗಿ.

ಆದರೂ ಈ ಅಚ್ಚುಕೂಟದ ಚರಿತ್ರೆಯಲ್ಲಿ ಅತ್ಯಂತ ಗಂಭೀರವಾಗಿ ಪರಿಶೀಲಿಸಬೇಕಾದುದು ಪತ್ರಿಕೆಗಿಂತ ಹೆಚ್ಚಾಗಿ, ಮೋಗ್ಲಿಂಗ್ 1848ರಲ್ಲಿ ಆರಂಭಿಸಿದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆ. ಜನರ ಮನಸ್ಸನ್ನು ಅರಿಯಬೇಕಾದರೆ ಅವರು ಹಾಡುವ, ಕೇಳುವ, ಪಾರಾಯಣ ಮಾಡುವ ಕಾವ್ಯಗಳನ್ನು ಮೊದಲು ಅರಿಯಬೇಕೆಂಬ ನಿಲುವು ಅವನದು. ಮದರಾಸಿನ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ನೀಡಿದ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ಯಕ್ಷಗಾನ ಪ್ರಸಂಗವಾದ ರಾವಣ ದಿಗ್ವಿಜಯ ಮುಂತಾದವು ತಾಳೆಯೋಲೆ ಮತ್ತು ಕೈಬರೆಹದ ಪ್ರತಿಗಳಿಂದ ಅಚ್ಚಿಗೆ ಏರಿದವು. ಕ್ರೈಸ್ತಧರ್ಮವನ್ನು ಸಾರಲೆಂದೇ ಹುಟ್ಟಿದ ಅಚ್ಚುಕೂಟವೊಂದು ವೀರಶೈವ ಪುರಾಣಗಳನ್ನೂ ಹರಿದಾಸರ ಕೀರ್ತನೆಗಳನ್ನೂ ಒಂದೇ ಮಾಲೆಯಲ್ಲಿ ಪ್ರಕಟಿಸಿದ್ದು ಕನ್ನಡದ ಪುಸ್ತಕ ಚರಿತ್ರೆಯ ದೊಡ್ಡ ಘಟನೆಯೆಂದು ಹೇಳಲೇಬೇಕು. ಪಾಠ ತಿದ್ದಿಕೊಟ್ಟ ಪಂಡಿತರೂ, ಕಲ್ಲಿಗಾಗಿ ಪುಟಗಳನ್ನು ಅಂದವಾಗಿ ಬರೆದ ಲಿಪಿಕಾರರೂ ಇಲ್ಲದೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಸಾಗುತ್ತಿರಲಿಲ್ಲ. ಮುಖಪುಟಗಳಲ್ಲಿ ಸಂಪಾದಕರ ಹೆಸರಿದ್ದಂತೆ ಅವರೆಲ್ಲರ ಹೆಸರುಗಳೂ ಉಳಿದಿದ್ದರೆ ನಮ್ಮ ಸಾಹಿತ್ಯ ಚರಿತ್ರೆ ಇನ್ನಷ್ಟು ನ್ಯಾಯವಾಗಿರುತ್ತಿತ್ತು.

1850ರ ದಶಕದ ಆರಂಭದಲ್ಲಿ ಕಲ್ಲಚ್ಚಿನ ಜೊತೆಗೆ ಮೊಳೆಯಚ್ಚೂ ಬಂದಿತು. ಬಿಡಿಬಿಡಿಯಾದ ಲೋಹದ ಅಕ್ಷರಗಳನ್ನು ಸಾಲಾಗಿ ಜೋಡಿಸಿ ಅಚ್ಚೊತ್ತಿ, ಕೆಲಸ ಮುಗಿದ ಮೇಲೆ ಬಿಚ್ಚಿ ಮತ್ತೆ ಬಳಸುವ ಈ ವಿಧಾನದ ವ್ಯವಸ್ಥೆಯಲ್ಲಿ ದುಡಿದ ಜಾರ್ಜ್ ಪ್ಲೆಬ್ಸ್ಟ್‌ನೇ ಮುಂದೆ 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯನ್ನು ಕಟ್ಟಿದವನು. ಮೊಳೆಯಚ್ಚಿನಿಂದಾಗಿ ದೊಡ್ಡ ಗಾತ್ರದ ಗ್ರಂಥಗಳು ಸಾಧ್ಯವಾದವು. 1872ರಲ್ಲಿ ಗುಂಡರ್ಟ್‌ನ ಮಲಯಾಳಂ ನಿಘಂಟು, 1886ರಲ್ಲಿ ಮೆನ್ನರ್‌ನ ತುಳು ನಿಘಂಟು, ಇವೆರಡಕ್ಕೂ ಕಳಶವಿಟ್ಟಂತೆ 1894ರಲ್ಲಿ ಫರ್ಡಿನಾಂಡ್ ಕಿಟೆಲ್‌ನ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದವು. ಸುಮಾರು 70,000 ಶಬ್ದಗಳನ್ನು ಒಳಗೊಂಡ, 1,700ಕ್ಕೂ ಹೆಚ್ಚು ಪುಟಗಳ ಈ ಕೃತಿಯಲ್ಲಿ ಹಳಗನ್ನಡ ಕಾವ್ಯಗಳ ಪ್ರಯೋಗಗಳೂ ಆಡುಮಾತಿನ ಗಾದೆಗಳೂ ಅಕ್ಕಪಕ್ಕದಲ್ಲಿ ಇರುವುದರಿಂದ, ಅದನ್ನು ಜೋಡಿಸಿದ ಕೆಲಸಗಾರನು ಕನ್ನಡ, ಸಂಸ್ಕೃತ ಮತ್ತು ಇಂಗ್ಲಿಷ್ ಅಕ್ಷರಗಳ ನಡುವೆ ಸಾಲು ಸಾಲಿಗೂ ಕೈ ಬದಲಿಸಬೇಕಾಗಿದ್ದಿತು. ಅದರ ಮುಖಪುಟದಲ್ಲಿರುವ 'ಬಾಸೆಲ್ ಮಿಷನ್ ಬುಕ್ ಆ್ಯಂಡ್ ಟ್ರ್ಯಾಕ್ಟ್ ಡಿಪಾಸಿಟರಿ' ಎಂಬುದು ಇದೇ ಸಂಸ್ಥೆಯ ಪ್ರಕಾಶನ ಮತ್ತು ಮಾರಾಟದ ವಿಭಾಗ. ಟ್ರ್ಯಾಕ್ಟ್ ಎಂದರೆ ಧರ್ಮಬೋಧೆಯ ಕಿರುಹೊತ್ತಗೆ.

ಶಾಲೆಗಳ ಪಠ್ಯಪುಸ್ತಕಗಳೂ ಕ್ರೈಸ್ತ ಸಂಗೀತಗಳೂ ಸೇರಿ ಅಚ್ಚುಕೂಟವು ಬೆಳೆಯುತ್ತಿದ್ದಾಗಲೇ 1914ರಲ್ಲಿ ಮೊದಲನೆಯ ಮಹಾಯುದ್ಧವು ಸಿಡಿಯಿತು. ಮಿಷನ್ನಿನ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನರಾಗಿದ್ದುದರಿಂದ ಬ್ರಿಟಿಷ್ ಸರಕಾರವು ಅವರನ್ನು ಬಂಧನದಲ್ಲಿರಿಸಿ ಬಳಿಕ ದೇಶದಿಂದ ಹೊರಗೆ ಕಳುಹಿಸಿತು; ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅಚ್ಚುಕೂಟವಾದರೋ ಹೆಸರು ಬದಲಾದರೂ ಮುಚ್ಚದೆ, ಕಾಲಾನಂತರದಲ್ಲಿ ಮಂಗಳೂರಿನ ಬಲ್ಮಠದಲ್ಲಿ ಮುದ್ರಣ ವಿದ್ಯೆಯನ್ನು ಕಲಿಸುವ ಸಂಸ್ಥೆಯಾಗಿ ಮುಂದುವರಿಯಿತು.

ಈ ಅಚ್ಚುಕೂಟದ ಹಳೆಯ ಪುಸ್ತಕಗಳ ಒಂದು ಬೆಲೆಬಾಳುವ ಸಂಗ್ರಹವು ಇಂದು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿದೆ. ಕರಾವಳಿಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಶಾಲೆಗಳ ಕಪಾಟುಗಳಲ್ಲಿ ಇದರ ಮುದ್ರೆಯಿರುವ ಪಠ್ಯಪುಸ್ತಕವಾಗಲಿ, ಪಂಚಾಂಗವಾಗಲಿ, ಕಿರುಹೊತ್ತಗೆಯಾಗಲಿ ಇದ್ದರೆ, ಕೇಳುಗರು ಅದನ್ನು ರದ್ದಿಗೆ ಹಾಕದೆ ಅಂಥ ಪತ್ರಾಗಾರಕ್ಕೋ ಸಮೀಪದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೋ ದಯವಿಟ್ಟು ತಲುಪಿಸಬೇಕು.